ಪೆಟ್ರೋಲ್ ಪೈಪಿಗೆ ಕೈ ಹಚ್ಚೂ ಮೊದ್ಲ: ಓದುಗರ ಗಾಡಿ ಪ್ರಶ್ನೆಗಳು

ಈ ಸಲ ಬಂದ ಪತ್ರದಾಗ ನಾಕು ಪತ್ರ ಒಂದ ವಿಷಯದ ಸುತ್ತ ಅದಾವ, ಹಳೇ ಕಾರು, ಪೆಟ್ರೋಲ್ ಪೈಪು, ಮನಿಯಾಗ ಸ್ವಂತ ರಿಪೇರಿ. ಹಿಂಗಾಗಿ ಬ್ಯಾರೆ ಪ್ರಶ್ನೆ ಎಲ್ಲಾ ಮುಂದಿನ ಸಂಚಿಕೆಗೆ ಇಟ್ಟು ಇವನ್ನಷ್ಟ ತಗೊಂಡೀನಿ. ಮೊದಲನೇ ಉತ್ತರ ಉದ್ದ ಆಗೇತಿ, ಬೇಕಂತನ ಉದ್ದ ಬರದೀನಿ.

ಪ್ರಶ್ನೆ: ನಮಸ್ಕಾರ ಸರ, ನಂದು ಗದಗ, ಬೆಟಗೇರಿಯೊಳಗ ಮನಿ. ನಮ್ಮ ಅಪ್ಪಾರು ತಗೊಂಡಿದ್ದ 2002ರ ಮಾರುತಿ ಎಸ್ಟೀಮ್ ಐತಿ, ಎಂಪಿಎಫ್ಐ, ಅಂದ್ರ ಕಾರ್ಬೋರೇಟರ್ ಇಲ್ಲದ ಇಂಜೆಕ್ಟರ್ ಗಾಡಿ. ಐದಾರು ತಿಂಗಳಿಂದ ಐಡ್ಲಿಂಗ್ ಏರೂದು ಇಳಿಯೂದು ಮಾಡಾಕತ್ತೇತಿ, ಇಂಜಿನ್ ಕಡೆ ಸುಸ್ಸ್ ಅಂತ ಗಾಳಿ ಸಪ್ಪಳ ಬರ್ತೈತಿ. ಮಿಸ್ತ್ರಿ ನೋಡಿ ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ ಒಯ್ಯೂ ಕೊಳವಿ) ಸೀಳೇತಿ, ಬದಲಿ ಮಾಡ್ಬೇಕು ಅಂದ್ರು. ಹುಬ್ಬಳ್ಳಿಯಿಂದ ಒಂದು ಹಳೇದು ತಂದೀನಿ, ಕೆಲಸಾ ನಾನ ಮಾಡ್ಬೇಕಂತ ಆಸೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ, ಅಲ್ಲಿಗೇ ನಿಂತೀನಿ. ಪೆಟ್ರೋಲ್ ಪೈಪು ಎರಡು ಬಂದಾವು, ಒಂದಕ್ಕ ಬೋಲ್ಟ್ ಐತಿ, ಇನ್ನೊಂದಕ್ಕ ಕ್ಲಿಪ್. ಬ್ಯಾಟರಿ ಕಳಚಿ ಸೀದಾ ಪಾನಾ ಹಚ್ಚು, ಏನೂ ಆಗೂದಿಲ್ಲ ಅಂತ ಗೆಳೆಯಾ ಹೇಳ್ತಾನ. ಖರೇ ಏನ್ರಿ?

ಉತ್ತರ: ಖರೇ ಅಲ್ರಿ. ನೀವು ಅಲ್ಲಿಗೇ ನಿಂತು ಕೇಳಿದ್ರಿ, ನನಗ ಭಾಳ ಸಮಾಧಾನ ಆತು. ನಿಮ್ಮ ಗೆಳೆಯಾ ಅರ್ಧ ಹೇಳ್ಯಾನ. ಬ್ಯಾಟರಿ ಕಳಚಬೇಕು ಹೌದು, ಆದ್ರ ಅದಕ್ಕೂ ಮೊದ್ಲ ಮಾಡೂ ಕೆಲಸಾ ಒಂದೈತಿ, ಅದನ್ನ ಬಿಟ್ಟು ಬ್ಯಾಟರಿ ಕಳಚಿಬಿಟ್ರ ಆಮ್ಯಾಲೆ ಅದನ್ನ ಮಾಡಾಕ ಬರೂದಿಲ್ಲ.

ಯಾಕಂದ್ರ ನೋಡ್ರಿ, ಎಂಪಿಎಫ್ಐ ಗಾಡಿಯೊಳಗ ಪಂಪು ಟಾಕಿ ಒಳಗ ಇರ್ತೈತಿ, ಅದು ಪೆಟ್ರೋಲನ್ನ ಒತ್ತಿ ಒತ್ತಿ ಇಂಜೆಕ್ಟರ್ ತನಕ ತಂದು ನಿಲ್ಲಸ್ತೈತಿ, ಹತ್ರ ಹತ್ರ ಎರಡೂವರಿಯಿಂದ ಮೂರು ಬಾರ್ ಪ್ರೆಶರ್. ಟಯರಿಗೆ ನೀವು 30 ಹಾಕಸ್ತೀರಲ್ಲ, ಅದು 2 ಬಾರ್ ಅಷ್ಟ. ಅಂದ್ರ ನಿಮ್ಮ ಟಯರಿಗಿಂತ ಜಾಸ್ತಿ ಒತ್ತಡದಾಗ ಅಲ್ಲಿ ಪೆಟ್ರೋಲ್ ಕುಂತೈತಿ, ಮತ್ತ ಚಾವಿ ತಗದ ಮ್ಯಾಲೂ ಅದು ಹಂಗ ಕುಂತಿರ್ತೈತಿ, ಮರುದಿನ ಜಲ್ದಿ ಸ್ಟಾರ್ಟ್ ಆಗ್ಲಿ ಅಂತ ಕಂಪನಿಯವರು ಬೇಕಂತನ ಹಂಗ ಮಾಡಿರ್ತಾರ. ಬ್ಯಾಟರಿ ಕಳಚಿದ್ರ ಕಿಡಿ ಹೋತು, ಒತ್ತಡ ಎಲ್ಲಿ ಹೋತ್ರಿ? ಬೋಲ್ಟ್ ಸಡ್ಲ ಮಾಡಿದ ಕೂಡ್ಲೇ ಸಣ್ಣ ಹನಿ ಹನಿಯಾಗಿ ಮಂಜಿನಂಗ ಚಿಮ್ಮತೈತಿ, ಕಣ್ಣಿಗೆ, ಮಾರಿಗೆ, ಬಿಸಿ ಎಕ್ಸಾಸ್ಟಿಗೆ, ಎಲ್ಲಿ ಬೀಳತೈತಿ ಅಂತ ಹೇಳಾಕ ಬರೂದಿಲ್ಲ.

ನಾ ಕೆಲಸಾ ಕಲಿಯೂಮುಂದ ಹುಬ್ಬಳ್ಳಿಯ ಒಂದು ಗ್ಯಾರೇಜಿನ್ಯಾಗ ಇದನ್ನ ಕಣ್ಣಾರೆ ಕಂಡೀನಿ. ಸಂಜಿ ಹೊತ್ತು, ಗಾಡಿಯವರು ಎದುರಿಗೆ ಕುಂತು ಗಡಿಬಿಡಿ ಮಾಡಾಕತ್ತಿದ್ರು, ದೊಡ್ಡ ಮಿಸ್ತ್ರಿ ಪ್ರೆಶರ್ ಬಿಡೂದನ್ನ ಬಿಟ್ಟು ಬೋಲ್ಟಿಗೆ ಪಾನಾ ಹಚ್ಚಿಬಿಟ್ರು. ಬಾನೆಟ್ಟಿಗೆ ಹ್ಯಾಂಡ್ ಲ್ಯಾಂಪ್ ತೂಗಹಾಕಿತ್ತು, ಆಗಿನ ಹಳದಿ ಬಲ್ಬು, ಒಂದ ಒಂದು ಸಲ ಚಿಮ್ಮಿದ್ದು ಸೀದಾ ಕಾದ ಬಲ್ಬಿಗೆ ಹೋತು, ಬಲ್ಬು ಟಪ್ ಅಂತ ಒಡೀತು, ಒಳಗಿನ ಕೆಂಪ ತಂತಿ ಸಾಕಾತು. ನಾ ಬಲಗಡೆ ಟಾರ್ಚ್ ಹಿಡಕೊಂಡು ನಿಂತಿದ್ದೆ. ನನ್ನ ಹುಬ್ಬು ಮತ್ತ ಮುಂಗೈ ಮ್ಯಾಲಿನ ಕೂದಲಾ ಹೋದವು, ಮಿಸ್ತ್ರಿಯವರ ಎರಡೂ ಕೈ ಸುಟ್ಟು ಮೂರು ತಿಂಗಳು ಪಾನಾ ಹಿಡೀಲಿಲ್ಲ. ಅಲ್ಲಿ ಉಸುಕಿನ ಬಕೀಟ್ ಇತ್ತು ಅಂತ ಗಾಡಿ ಉಳೀತು. ಆ ವಾಸನಿ ನನಗ ಇವತ್ತಿಗೂ ನೆನಪೈತಿ, ಅದಕ್ಕ ಇಷ್ಟು ಒತ್ತಿ ಹೇಳಾಕತ್ತೀನಿ.

ಈಗ ಮಾಡೂ ರೀತಿ. ಮುಂಜಾನೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಶುರು ಮಾಡ್ರಿ, ಓಡಿಸಿ ತಂದ ಗಾಡಿಗೆ ಕೈ ಹಚ್ಚಬ್ಯಾಡ್ರಿ. ಬಿಚ್ಚಿದ ಏರ್ ಫಿಲ್ಟರ್ ಡಬ್ಬಿ ಹೊಳ್ಳಿ ಕೂಡಸ್ರಿ, ಇಂಜಿನ್ ಒಂದು ಸಲ ಚಾಲೂ ಮಾಡೂದೈತಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೀರಿ. ಟಾಕಿ ಮುಚ್ಚಳಾ ಒಮ್ಮೆ ತಗದು ಒಳಗಿನ ಗಾಳಿ ಹೋಗಾಕ ಬಿಟ್ಟು ಹೊಳ್ಳಿ ಹಾಕ್ರಿ, ನಮ್ಮ ಕಡೆ ಏಪ್ರಿಲ್ ಮೇ ಬಿಸಲಾಗ ಟಾಕಿ ಒಳಗ ಆವಿ ತುಂಬಿ ಅದೂ ಒತ್ತತಿರ್ತೈತಿ. ಆಮ್ಯಾಲೆ ಫ್ಯೂಯಲ್ ಪಂಪಿನ ರಿಲೇ, ಅಂದ್ರ ಪಂಪಿಗೆ ಕರೆಂಟ್ ಕೊಡೂ ಸಣ್ಣ ಸ್ವಿಚ್ ಡಬ್ಬಿ, ಹುಡುಕಿ ಕೀಳ್ರಿ. ಯಾವುದು ಅಂತ ಗೊತ್ತಾಗದಿದ್ರ ಸಹಾಯಕ್ಕ ಒಬ್ಬರನ್ನ ಕರೀರಿ, ಅವರು ಚಾವಿ ಆನ್ ಮಾಡಿದಾಗ ಹಿಂದ ಟಾಕಿ ಕಡೆ ಕಿವಿ ಇಟ್ರ ಎರಡು ಮೂರು ಸೆಕೆಂಡ್ ಗುಂಯ್ ಅಂತ ಸಪ್ಪಳ ಬರ್ತೈತಿ, ಸರಿಯಾದ ರಿಲೇ ಕಿತ್ತಿದ್ರ ಆ ಸಪ್ಪಳ ನಿಲ್ಲತೈತಿ. ಇನ್ನ ಇಂಜಿನ್ ಸ್ಟಾರ್ಟ್ ಮಾಡ್ರಿ. ಪೈಪಿನ್ಯಾಗ ಉಳದದ್ದನ್ನ ಕುಡದು ತಾನ ಬಂದ್ ಆಗತೈತಿ. ಆಮ್ಯಾಲೆ ಎರಡು ಮೂರು ಸಲ ಮೂರ್ಮೂರು ಸೆಕೆಂಡ್ ಸ್ಟಾರ್ಟರ್ ತಿರುವ್ರಿ. ಇಷ್ಟಾದ ಮ್ಯಾಲೆ ಚಾವಿ ತಗದು, ಆಗ, ಆಗ ಮಾತ್ರ, ಬ್ಯಾಟರಿಯ ಮೈನಸ್ ತಂತಿ ಕಳಚಿ ತಿರುಗಿ ತಾಗದಂಗ ಬಟ್ಟಿ ಸುತ್ತಿ ಪಕ್ಕಕ್ಕ ಸರಸ್ರಿ.

ಪ್ರೆಶರ್ ಹೋತು ಅಂದ್ರ ಪೆಟ್ರೋಲ್ ಹೋತು ಅಂತ ಅಲ್ಲ ಮತ್ತ. ರೇಲ್ (ಇಂಜೆಕ್ಟರಿಗೆಲ್ಲಾ ಪೆಟ್ರೋಲ್ ಹಂಚೂ ಲೋಹದ ಕೊಳವಿ) ಒಳಗ, ಪೈಪಿನ್ಯಾಗ ಅರ್ಧ ವಾಟಗಾ ಅಷ್ಟಾದ್ರೂ ಇದ್ದ ಇರ್ತೈತಿ. ಬೋಲ್ಟಿನ ಸುತ್ತ ದಪ್ಪ ಹತ್ತಿ ಬಟ್ಟಿ ಸುತ್ತಿ, ಕಣ್ಣಿಗೆ ಕನ್ನಡಕಾ ಹಾಕ್ಕೊಂಡು, ಕಾಲು ಸುತ್ತಷ್ಟ ಸಡ್ಲ ಮಾಡಿ ನಿಲ್ರಿ. ಸುಸ್ಸ್ ಅಂದ್ರ ಅನ್ನಾಕ ಬಿಡ್ರಿ, ನಿಂತ ಮ್ಯಾಲೆ ಪೂರ್ತಿ ತಗೀರಿ. ಒದ್ದಿಯಾದ ಬಟ್ಟಿ ಇಂಜಿನ್ ಹತ್ರ ಇಡಬ್ಯಾಡ್ರಿ, ಹೊರಗ ಬಯಲಾಗ ಒಣಗಾಕ ಹಾಕ್ರಿ. ಬಿಚ್ಚಿದ ಪೈಪಿನ ಬಾಯಿಗೆ ಸ್ವಚ್ಛ ಪ್ಲಾಸ್ಟಿಕ್ ಚೀಲಾ ಕಟ್ಟಿ ರಬ್ಬರ್ ಹಾಕ್ರಿ, ಒಳಗ ಒಂದು ಕಣ ಉಸುಕು ಹೋದ್ರೂ ಅದು ಸೀದಾ ಇಂಜೆಕ್ಟರಿಗೆ.

ಬೋಲ್ಟ್ ಇರೂದು ಪೆಟ್ರೋಲ್ ಬರೂ ಲೈನ್, ಕ್ಲಿಪ್ ಇರೂದು ಟಾಕಿಗೆ ಹೊಳ್ಳಿ ಹೋಗೂ ಲೈನ್. ನಿಮ್ಮ ಗಾಡಿಯೊಳಗ ಇವು ಅದಲ್ ಬದಲ್ ಆಗೂ ಭಯ ಕಡಿಮಿ, ಆದ್ರೂ ಮ್ಯಾಲೆ ಹತ್ತೆಂಟು ಸಣ್ಣ ವ್ಯಾಕ್ಯೂಮ್ ಪೈಪು ಅದಾವಲ್ಲ, ಅವು ಭಾಳ ಕಾಡ್ತಾವ. ಫೋಟೋ ತಗೀರಿ, ಮತ್ತ ಮನಿಯಾಗ ಉಗುರಿಗೆ ಹಚ್ಚೂ ಬಣ್ಣ ಇದ್ರ ಪೈಪಿಗೆ ಒಂದು ಚುಕ್ಕಿ ಅದು ಕೂಡೂ ಜಾಗಕ್ಕ ಒಂದು ಚುಕ್ಕಿ, ಎರಡನೇ ಜೋಡಿಗೆ ಎರಡೆರಡು ಚುಕ್ಕಿ, ಹಿಂಗ ಇಡಕೋಂತ ಹೋಗ್ರಿ. ಫೋಟೋದಾಗ ಕತ್ತಲಾ ಬಂದಿರ್ತೈತಿ, ಚುಕ್ಕಿ ಮಾತ್ರ ಅಲ್ಲೇ ಇರ್ತೈತಿ.

ಕೆಲವರು ಪೈಪ್ ಬಿಚ್ಚೂದ ಬ್ಯಾಡ, ರೇಲನ್ನ ಇಂಜೆಕ್ಟರ್ ಸಮೇತ ಎತ್ತಿ ಪಕ್ಕಕ್ಕ ಇಟ್ರಾತು ಅಂತಾರ. ಪೈಪು ಅಷ್ಟು ಉದ್ದ ಬಂದ್ರ ಮಾಡಬಹುದು, ಆದ್ರ ಆಗೂ ಪ್ರೆಶರ್ ಬಿಡಾಕಬೇಕು, ಇಲ್ಲಾಂದ್ರ ಕೆಳಗ ಆಸರ ತಪ್ಪಿದ ಇಂಜೆಕ್ಟರ್ ರೇಲಿನಿಂದ ಸಿಡದು ಹೊರಗ ಬರಬಹುದು. ನನ್ನ ಕೇಳಿದ್ರ ನಿಮ್ಮಂಥಾ ಹಳೇ ಗಾಡಿಗೆ ಬಿಚ್ಚಿ ಮಾಡೂದ ಛಲೋ, ಹೆಂಗೂ ರಬ್ಬರ್ ಪೈಪ್ ಬದಲಿ ಮಾಡೂ ವಯಸ್ಸು ಆಗೇತಿ.

ಈಗ ವಾಸರ್ ಬಗ್ಗೆ, ಇದನ್ನ ಸಾವಕಾಶ ಓದ್ರಿ. ಆ ಬೋಲ್ಟಿಗೆ, ಅದು ಹಾಯೂ ಪೈಪಿನ ತುದಿಯ ಕಣ್ಣಿನ ಮ್ಯಾಲೊಂದು ಕೆಳಗೊಂದು, ಎರಡು ತೆಳ್ಳನ ವಾಸರ್ ಇರ್ತಾವ. ಬಿಗಿ ಮಾಡಿದಾಗ ಇವು ನಜ್ಜಾಗಿ ಕುಂತು ಸೋರದಂಗ ಹಿಡೀತಾವ, ಒಮ್ಮೆ ನಜ್ಜಾದ್ದು ಎರಡನೇ ಸಲಕ್ಕ ಬರೂದಿಲ್ಲ. ಹೊಸಾವು ತರ್ರಿ, ರೊಕ್ಕ ಏನೂ ಭಾಳ ಆಗೂದಿಲ್ಲ. ಆದ್ರ ಬಿಚ್ಚಿದಾಗ ಕೈಯಾಗ ಬರೂದು ಒಂದ ವಾಸರ್, ಇನ್ನೊಂದು ಇಪ್ಪತ್ತು ವರ್ಷ ಅಲ್ಲೇ ಕುಂತು ಎಣ್ಣಿ ಮಸಿ ಹಿಡದು ರೇಲಿನ ಲೋಹದ ಸಂಗಾಟ ಒಂದಾಗಿಬಿಟ್ಟಿರ್ತೈತಿ, ನೋಡಿದ್ರ ಅದೂ ರೇಲಿನ ಭಾಗಾನ ಅನಸ್ತೈತಿ. ಅದರ ಮ್ಯಾಲೇ ಹೊಸಾದು ಹಾಕಿ ಬಿಗಿ ಮಾಡ್ತಾರ, ಒಂದು ವಾರ ಏನೂ ಆಗೂದಿಲ್ಲ, ಆಮ್ಯಾಲೆ ಸೋರಾಕ ಶುರು. ಬಟ್ಟಿಯಿಂದ ಒರಸಿ, ಉಗುರಿನಿಂದ ಅಂಚು ಕೆರದು ನೋಡ್ರಿ, ಸಣ್ಣ ಮೆಟ್ಟಲಾ ಉಗುರಿಗೆ ಹತ್ತಿದ್ರ ಅಲ್ಲಿ ವಾಸರ್ ಐತಿ ಅಂತ ತಿಳೀರಿ. ಮೊಂಡ ಬ್ಲೇಡಿನಿಂದ ಜ್ವಾಕಿಯಿಂದ ಎಬ್ಬಸ್ರಿ, ಕೆಳಗಿನ ಮೈಗೆ ಗೀರು ಬೀಳಬಾರದು.

ಇಂಜೆಕ್ಟರ್ ರಬ್ಬರ್ ರಿಂಗಿಗೂ ಇದ ಮಾತು. ಎಲ್ಲಾ ಹೊಸಾವು ಹಾಕ್ರಿ, ಹಳೇ ಮ್ಯಾನಿಫೋಲ್ಡಿನ ತೂತಿನ್ಯಾಗ ಯಾವುದೂ ಉಳದಿಲ್ಲ ಅಂತ ಎಣಿಸಿ ನೋಡ್ರಿ. ಸ್ವಲ್ಪ ಪೆಟ್ರೋಲ್ ಹಚ್ಚಿ ಸವರಿ ಕೂಡಸ್ರಿ, ಗ್ರೀಸ್ ಬ್ಯಾಡ. ಕೂಡಿಸಿದ ಮ್ಯಾಲೆ ಒಂದೊಂದು ಇಂಜೆಕ್ಟರನ್ನ ಬೆರಳಿನಿಂದ ಆಕಡೆ ಈಕಡೆ ತಿರುಗಿಸಿ ನೋಡ್ರಿ. ನುಣ್ಣಗ ತಿರುಗಿದ್ರ ರಿಂಗ್ ಸರಿ ಕುಂತೈತಿ. ಬಿಗಿ ಹಿಡದ್ರ ಮಡಚೇತಿ, ತಗದು ಮತ್ತ ಕೂಡಸ್ರಿ.

ಮ್ಯಾನಿಫೋಲ್ಡ್ ಬಗ್ಗೆ ಸಣ್ಣಗ ಹೇಳ್ತೀನಿ. ಈ ಇಂಜಿನ್ನಿನ್ಯಾಗ ಕೂಲಂಟ್ ನೀರು ಮ್ಯಾನಿಫೋಲ್ಡ್ ಒಳಗ ಹಾದು ಹೋಗತೈತಿ, ರೇಡಿಯೇಟರ್ ನೀರು ಇಳಿಸದ ಬಿಚ್ಚಬ್ಯಾಡ್ರಿ. ಬಿಚ್ಚಿದ ಕೂಡ್ಲೇ ಹೆಡ್ಡಿನ ತೂತಿಗೆ ಬಟ್ಟಿ ತುರಕ್ರಿ, ಒಂದು ಸಣ್ಣ ನಟ್ಟು ಒಳಗ ಬಿದ್ರ ಹೆಡ್ ಇಳಸೂ ಕೆಲಸಾ ಬರ್ತೈತಿ. ನೀವು ತಂದ ಹಳೇ ಮ್ಯಾನಿಫೋಲ್ಡಿನ ಮೈ ಮ್ಯಾಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟು ಬೆಳಕಿಗೆ ಹಿಡದು ನೋಡ್ರಿ, ಸಂದಿಯೊಳಗ ಬೆಳಕು ಕಂಡ್ರ ಡೊಂಕೈತಿ, ಮಶೀನ್ ಅಂಗಡಿಯೊಳಗ ಮೈ ಹೊಡಸಿ ಸಪಾಟ ಮಾಡಸ್ಬೇಕು. ಗ್ಯಾಸ್ಕೆಟ್ ಹೊಸಾದು, ನಟ್ಟು ನಡುವಿನಿಂದ ಹೊರಗಡೆಗೆ ಸ್ವಲ್ಪ ಸ್ವಲ್ಪ ಬಿಗಿ ಮಾಡ್ಕೋಂತ ಬರ್ರಿ.

ಎಲ್ಲಾ ಕೂಡಿಸಿದ ಮ್ಯಾಲೆ ಖುಷಿಯೊಳಗ ಸ್ಟಾರ್ಟ್ ಹೊಡೀಬ್ಯಾಡ್ರಿ. ರಿಲೇ ಹಾಕ್ರಿ, ಬ್ಯಾಟರಿ ಹಚ್ಚರಿ, ಚಾವಿ ಆನ್ ಅಷ್ಟ ಮಾಡಿ ಆಫ್ ಮಾಡ್ರಿ, ಹಿಂಗ ನಾಕೈದು ಸಲ. ಪಂಪು ಒಂದೊಂದು ಸಲಕ್ಕ ಸ್ವಲ್ಪ ಒತ್ತಡ ತುಂಬತೈತಿ. ಎಲ್‌ಇಡಿ ಟಾರ್ಚ್ ಹಿಡದು ಪ್ರತಿ ಜೋಡಣಿ ಕೆಳಗ ಬಿಳೀ ಟಿಶ್ಯೂ ಕಾಗದಾ ಒತ್ತಿ ನೋಡ್ರಿ, ಕಣ್ಣಿಗೆ ಕಾಣದ ಪಸೀನೂ ಕಾಗದದ ಮ್ಯಾಲೆ ಕಾಣತೈತಿ. ಒಣಾ ಇದ್ರ ಸ್ಟಾರ್ಟ್ ಮಾಡ್ರಿ, ಚಾಲೂ ಇದ್ದಾಗ ಒಮ್ಮೆ, ಬಿಸಿ ಆದ ಮ್ಯಾಲೆ ಒಮ್ಮೆ, ಮರುದಿನ ಮುಂಜಾನೆ ಒಮ್ಮೆ ಮತ್ತ ನೋಡ್ರಿ. ಪೆಟ್ರೋಲ್ ವಾಸನಿ ಸ್ವಲ್ಪ ಬಂದ್ರೂ ಬಂದ್ ಮಾಡಿ ಹುಡುಕ್ರಿ.

ಇನ್ನ ಜಾಗದ ಮಾತು. ಬೆಟಗೇರಿಯ ಹಳೇ ಮನಿ ಅಂದ್ರ ಹಿತ್ತಲಾಗ ಬಚ್ಚಲ ಒಲಿ ಇದ್ದ ಇರ್ತೈತಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಕು ಪಟ್ಟು ಭಾರ, ಅದು ಮ್ಯಾಲೆ ಹೋಗೂದಿಲ್ಲ, ನೆಲಾ ಹಿಡದು ನೀರಿನಂಗ ಹರೀತೈತಿ, ತಗ್ಗು ಸಿಕ್ಕಲ್ಲಿ ನಿಲ್ಲತೈತಿ. ಒಲಿ ಹದಿನೈದು ಫೂಟ್ ದೂರ ಐತಿ ಅಂತ ಧೈರ್ಯ ಮಾಡಬ್ಯಾಡ್ರಿ, ನೆಲ ಆ ಕಡೆ ಇಳಕಲಾ ಇದ್ರ ಆವಿ ತಾನ ಹುಡಿಕ್ಕೊಂಡು ಹೋಗತೈತಿ, ಬೆಂಕಿ ಅದ ಹಾದಿ ಹಿಡದು ಹೊಳ್ಳಿ ನಿಮ್ಮ ಹತ್ರ ಬರ್ತೈತಿ. ಅವತ್ತು ಒಲಿ ಹಚ್ಚಬ್ಯಾಡ್ರಿ, ಗ್ಯಾಸ್ ಗೀಸರ್ ಹಚ್ಚಬ್ಯಾಡ್ರಿ, ತುಳಸಿ ಕಟ್ಟಿ ದೀಪ ಕೆಲಸಾ ಮುಗದು ವಾಸನಿ ಪೂರ್ತಿ ಹೋದ ಮ್ಯಾಲೆ ಹಚ್ಚಾಕ ಅವ್ವಾರಿಗೆ ಹೇಳ್ರಿ. ಬಿದ್ದ ಪೆಟ್ರೋಲಿಗೆ ಬೆಂಕಿ ಹತ್ತಿದ್ರ ನೀರು ಹಾಕಬಾರದು, ಪೆಟ್ರೋಲ್ ನೀರಿನ ಮ್ಯಾಲೆ ತೇಲಿ ಇನ್ನಷ್ಟು ಹಬ್ಬತೈತಿ. ಒಣ ಉಸುಕು ಎರಡು ಬಕೀಟ್ ಮತ್ತ ಒಂದು ಡ್ರೈ ಪೌಡರ್ ಸಿಲಿಂಡರ್ ಕೈಗೆ ಎಟಕೂ ಹಂಗ ಇಟ್ಟು ಕೆಲಸಕ್ಕ ಕೂಡ್ರಿ.

ಪ್ರಶ್ನೆ: ಸರ, ನಾವು ಧಾರವಾಡದಾಗ ಇರ್ತೀವಿ, ನಮ್ಮ 1996ರ ಮಾರುತಿ 800 ಕಾರ್ಬೋರೇಟರ್ ಗಾಡಿ. ಕಾರ್ಬೋರೇಟರ್ ಕೆಳಗಿನ ಗ್ಯಾಸ್ಕೆಟ್ ಬದಲಿ ಮಾಡಾಕಂತ ಪೈಪ್ ಬಿಚ್ಚಿದ್ರ ಪೆಟ್ರೋಲ್ ನಿಲ್ಲೂದ ಇಲ್ಲ, ಹರೀತನ ಇರ್ತೈತಿ. ಇಂಜಿನ್ ಬಂದ್ ಐತಿ, ಪಂಪು ತಿರುಗೂದಿಲ್ಲ, ಆದ್ರೂ ಹೆಂಗ ಬರ್ತೈತ್ರಿ? ಪೈಪ್ ಮಡಚಿ ತಂತಿ ಕಟ್ಟಿದೆ.

ಉತ್ತರ: ಮನಿ ಮುಂದ ಗಾಡಿ ಮೂತಿ ಕೆಳಗ ಮಾಡಿ ನಿಂತಿರಬೇಕು ಅಂತ ನನ್ನ ಊಹೆ. ಧಾರವಾಡದ ಓಣಿ ನಿಮಗ ಗೊತ್ತ ಐತಿ, ಸಮತಟ್ಟ ಜಾಗಾ ಸಿಗೂದ ಕಠಿಣ. ಹಿಂದಿನ ಟಾಕಿ ಮ್ಯಾಲಾಗಿ ಮುಂದಿನ ಪೈಪಿನ ಬಾಯಿ ಕೆಳಗಾದ್ರ ಪಂಪು ಬೇಕಾಗಿಲ್ಲ, ಡ್ರಮ್ಮಿನಿಂದ ಪೈಪ್ ಹಾಕಿ ನೀರು ಎಳೀತೀವಲ್ಲ ಹಂಗ ತಾನ ಇಳೀತೈತಿ. ಮ್ಯಾಲೆ ಬಿಸಲಿಗೆ ಟಾಕಿ ಕಾದ್ರ ಒಳಗಿನ ಆವಿ ಸೈತ ಒತ್ತತೈತಿ. ಗಾಡಿ ಸಮತಟ್ಟ ಜಾಗಾಕ್ಕ ತರ್ರಿ, ಇಲ್ಲಾಂದ್ರ ಮೂತಿ ಮ್ಯಾಲೆ ಮಾಡಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡ್ರಿ, ಟಾಕಿ ಮುಚ್ಚಳಾ ಸಡ್ಲ ಮಾಡ್ರಿ.

ನಿಮ್ಮ ಗಾಡಿಗೆ ರಿಲೇ ಕೀಳೂ ತ್ರಾಸ ಇಲ್ಲ, ಪಂಪು ಇಂಜಿನ್ ಮ್ಯಾಲೇ ಐತಿ, ಕ್ಯಾಮ್ ತಿರುಗಿದಾಗಷ್ಟ ನಡೀತೈತಿ, ಪ್ರೆಶರೂ ಎಂಪಿಎಫ್ಐ ಗಾಡಿಯ ಹತ್ತನೇ ಪಾಲ ಅಷ್ಟ. ಆದ್ರ ಬ್ಯಾಟರಿ ಮೈನಸ್ ಕಳಚೂದು, ತಣ್ಣನ ಇಂಜಿನ್, ಉಸುಕು, ಇವು ಯಾವೂ ಬಿಡಂಗಿಲ್ಲ.

ಪೈಪ್ ಮಡಚಿ ತಂತಿ ಕಟ್ಟೂದು ಮಾತ್ರ ಮಾಡಬ್ಯಾಡ್ರಿ. ಅಷ್ಟು ಹಳೇ ರಬ್ಬರ್ ಮಡಚಿದಲ್ಲಿ ಒಳಗಿನ ಪದರ ಸೀಳತೈತಿ, ಹೊರಗ ಏನೂ ಕಾಣೂದಿಲ್ಲ, ಹದಿನೈದು ದಿನಕ್ಕ ರೋಡಿನ್ಯಾಗ ಸೋರತೈತಿ. ಪೈಪಿನ ತೂತಿಗೆ ಸರಿ ಕೂಡೂ ಅಳತಿಯ ಬೋಲ್ಟ್ ಒರಸಿ ಸ್ವಚ್ಛ ಮಾಡಿ, ಚೂಪಿಲ್ಲದ ನುಣ್ಣನ ಕಡೆಯಿಂದ ಒಳಗ ತುರಕಿ ಕ್ಲಿಪ್ ಹಾಕ್ರಿ, ಸಾಕು. ನೀವು ಈಗಾಗ್ಲೇ ಮಡಚಿದ ಪೈಪು ಐತಲ್ಲ, ಅದನ್ನ ಹೊಳ್ಳಿ ಹಾಕೂದ ಬ್ಯಾಡ, ಬದಲಿ ಮಾಡ್ರಿ. ಮತ್ತ ಟಾಕಿಯಿಂದ ಬರೂ ಪೈಪು, ಹೊಳ್ಳಿ ಹೋಗೂ ಪೈಪು ನೋಡಾಕ ಒಂದ ಥರಾ ಕಾಣಬಹುದು, ಅಲ್ಲಿ ಚುಕ್ಕಿ ಇಡೂದನ್ನ ಮರೀಬ್ಯಾಡ್ರಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರ್ಯಾಕತ್ತೀನಿ. ಹಳೇ ಝೆನ್ ಐತಿ. ಎರಡು ವರ್ಷದ ಹಿಂದ ಹೊಸಾ ಪೆಟ್ರೋಲ್ ಪೈಪ್ ಹಾಕಿಸಿದ್ದೆ, ಈಗ ನೋಡಿದ್ರ ಮೆತ್ತಗಾಗಿ ಉಬ್ಬೇತಿ. ಅಂಗಡಿಯವರು ಪಾರದರ್ಶಕ ಪೈಪ್ ಹಾಕ್ರಿ, ಪೆಟ್ರೋಲ್ ಕಾಣತೈತಿ ಅಂತಾರ. ಹಾಕ್ಲೇನ್ರಿ?

ಉತ್ತರ: ಬ್ಯಾಡ್ರಿ. ಅಗ್ಗದ ಪಾರದರ್ಶಕ ಪೈಪು ಇಂಜಿನ್ ಬಿಸಿಗೆ ಮೆತ್ತಗಾಗಿ ಆಮ್ಯಾಲೆ ಕಡ್ಡಿಯಂಗ ಆಗತೈತಿ, ಒಂದಿನ ಕ್ಲಿಪ್ ಹತ್ರ ಮುರದು ಬೀಳತೈತಿ.

ನಿಮ್ಮದು ಉಬ್ಬಾಕ ಕಾರಣ ಪೆಟ್ರೋಲಿನ್ಯಾಗ ಇರೂ ಇಥೆನಾಲ್ ಅಂತ ನನಗ ಅನಸ್ತೈತಿ. 2023ರ ಫೆಬ್ರುವರಿಯಿಂದ ನೂರಕ್ಕ 20 ಪಾಲು ಇಥೆನಾಲ್ ಸೇರಿದ ಇ20 ಪೆಟ್ರೋಲ್ ಬಂಕಿಗೆ ಬರಾಕ ಶುರು ಆತು, ಈಗ ನಮಗ ಸಿಗೂದು ಹೆಚ್ಚಾಗಿ ಅದ. ನಿಮ್ಮ ಪೈಪು ಹೊಸಾದಾದ್ರೂ ಹಳೇ ಗಾಡಿಯ ಥರದ ಸಾದಾ ರಬ್ಬರ್ ಇರಬೇಕು, ಅದು ಇಷ್ಟು ಇಥೆನಾಲಿಗಂತ ಮಾಡಿದ್ದಲ್ಲ, ಇಥೆನಾಲ್ ತಾಗಿದ್ರ ಅಂಥಾ ರಬ್ಬರ್ ಉಬ್ಬತೈತಿ, ಮೆತ್ತಗಾಗತೈತಿ, ಒಳಗಿಂದ ಪುಡಿ ಉದುರಿ ಫಿಲ್ಟರ್ ತುಂಬತೈತಿ. ಪೈಪಿನ ಮೈ ಮ್ಯಾಲೆ ಬರದದ್ದನ್ನ ಓದಿ ತಗೋರಿ, ಎಸ್‌ಎಇ ಜೆ30 ಆರ್9 (SAE J30 R9) ಅಂತ ಇದ್ರ ಅದು ಇಂಜೆಕ್ಷನ್ ಪ್ರೆಶರಿಗೂ ಇಥೆನಾಲಿಗೂ ತಾಳತೈತಿ. ಏನೂ ಬರೀದ ಕರೀ ಪೈಪು ಎಷ್ಟ ಅಗ್ಗ ಇದ್ರೂ ಬಿಡ್ರಿ. ಕ್ಲಿಪ್ಪೂ ನೋಡಿ ತಗೋರಿ, ಪಟ್ಟಿಗೆ ತೂತು ಕೊರದ ಕ್ಲಿಪ್ಪು ಬಿಗಿ ಮಾಡಿದಾಗ ಆ ತೂತಿನ ಅಂಚು ರಬ್ಬರನ್ನ ಕತ್ತರಸ್ತೈತಿ. ಒಳಮೈ ನುಣ್ಣಗಿದ್ದು ಅಂಚು ಹೊರಗ ಮಡಚಿದ್ದು ಸಿಗತೈತಿ, ಅದನ್ನ ಕೇಳ್ರಿ. ಈಗ ಉಬ್ಬಿದ್ದನ್ನ ಈ ವಾರದಾಗ ತಗಸ್ರಿ, ಅಲ್ಲೀ ತನಕ ಊರ ಹೊರಗ ಗಾಡಿ ಒಯ್ಯಬ್ಯಾಡ್ರಿ.

ಪ್ರಶ್ನೆ: ಅಣ್ಣಾರ, ನಾನು ಹಾವೇರಿಯ ಗೃಹಿಣಿ. ನಮ್ಮ ಮನಿಯವರು ರವಿವಾರ ಬಂತಂದ್ರ ಕಾರ್ ಬಿಚ್ಚಿ ಕುಂದರ್ತಾರ. ಪೈಪಿನಿಂದ ಇಳಿಸಿದ ಪೆಟ್ರೋಲನ್ನ ನೀರಿನ ಬಾಟ್ಲಿಗೆ ಹಾಕಿ ಅಡಗಿ ಮನಿ ಹೊರಗಿನ ಕಟ್ಟಿ ಮ್ಯಾಲೆ ಇಡ್ತಾರ. ನಾಕು ವರ್ಷದ ಮಗಾ ಅದಾನ. ಹೇಳಿದ್ರ ಕೇಳೂದಿಲ್ಲ, ನೀವು ಹೇಳ್ರಿ.

ಉತ್ತರ: ತಂಗೀ, ನೀವು ಬರದದ್ದು ಭಾಳ ಛಲೋ ಆತು, ಈ ಪುಟಾ ಅವರ ಮುಂದ ಇಡ್ರಿ.

ಯಜಮಾನ್ರ, ಬಾಟ್ಲಿಯೊಳಗಿನ ಪೆಟ್ರೋಲ್ ಹುಡುಗನ ಕಣ್ಣಿಗೆ ಶರಬತ್ತಿನಂಗ ಕಾಣತೈತಿ. ಒಂದು ಗುಟುಕು ಸಾಕು, ಹೊಟ್ಟಿಗಿಂತ ಅದು ಪುಪ್ಪುಸಕ್ಕ ಇಳಿಯೂದು ಅಪಾಯ. ಅಂಥಾ ಹೊತ್ತು ಬರಬಾರದು, ಬಂದ್ರ ವಾಂತಿ ಮಾಡಸಬ್ಯಾಡ್ರಿ, ಉಪ್ಪುನೀರು ಕುಡಸಬ್ಯಾಡ್ರಿ, ವಾಂತಿಯೊಳಗ ಹೊಳ್ಳಿ ಮ್ಯಾಲೆ ಬಂದಾಗನ ಅದು ಉಸರಿನ ಹಾದಿಗೆ ಹೋಗತೈತಿ. 108ಕ್ಕ ಫೋನ್ ಹಚ್ಚಿ ಸೀದಾ ದವಾಖಾನಿಗೆ ಒಯ್ಯಿರಿ, ಏನು ಕುಡದಾನ ಅಂತ ಡಾಕ್ಟರಿಗೆ ಹೇಳ್ರಿ.

ನೀರಿನ ಬಾಟ್ಲಿ ಪೆಟ್ರೋಲಿಗೆ ಮಾಡಿದ್ದಲ್ಲ, ಬಿಸಲಿಗೆ ಉಬ್ಬಿ ಮುಚ್ಚಳದ ಸಂದಿಯಿಂದ ಆವಿ ಬಿಡತೈತಿ, ಕಟ್ಟಿ ಇಳದು ಆ ಆವಿ ಬಾಗಲದಿಂದ ಅಡಗಿ ಮನಿಗೇ ಹೋಗತೈತಿ, ಅಲ್ಲಿ ಗ್ಯಾಸ್ ಒಲಿ ಉರೀತಿರ್ತೈತಿ. ಇಳಿಸಿದ ಪೆಟ್ರೋಲ್ ಸ್ವಚ್ಛ ಇದ್ರ ಜಾಳಿಗಿ ಇಟ್ಟು ಅವತ್ತ ಟಾಕಿಗೆ ಹೊಳ್ಳಿ ಹಾಕ್ರಿ. ಕೆಲಸಾ ಮುಗಿಯೂ ತನಕ ಇಡಾಕಬೇಕಂದ್ರ ಪೆಟ್ರೋಲಿಗಂತ ಮಾಡಿದ ಮುಚ್ಚಳಾ ಬಿಗಿ ಇರೂ ತಗಡಿನ ಕ್ಯಾನ್ ತರ್ರಿ, ನೆಲದ ಮ್ಯಾಲೆ ಇಟ್ಟು ತುಂಬಸ್ರಿ, ಮ್ಯಾಲೆ ದೊಡ್ಡಕ್ಷರದಾಗ ಪೆಟ್ರೋಲ್ ಅಂತ ಬರೀರಿ, ಮನಿಯಿಂದ ದೂರ ನೆರಳಾಗ ಹುಡುಗನ ಕೈಗೆ ಎಟುಕದಲ್ಲಿ ಇಡ್ರಿ. ಕಟ್ಟಿ ಮ್ಯಾಲಿನ ಬಾಟ್ಲಿ ಇದನ್ನ ಓದಿದ ಕೂಡ್ಲೇ ತಗದುಬಿಡ್ರಿ.